ಒಂದೂ ದೂರಿಲ್ಲ

ಲಕ್ವ ಹೊಡೆದ ಮೇಲೆ ಅಪ್ಪನ ಬಾಯಲ್ಲಿ ಮಾತುಗಳು ಅದಲುಬದಲಾಗಿದ್ದವು. ಕನ್ನಡಕ ಬೇಕಾದರೆ "ಬಾಚಣಿಗೆ ಕೊಡೋ" ಎನ್ನುತ್ತಿದ್ದರು. "ತಪ್ಪು! ಸರಿಯಾಗಿ ಹೇಳಪ್ಪಾ!" ಎಂದು ಶ್ರೀಕಂಠ ಪ್ರತಿಸಲವೂ ಗದರುತ್ತಿದ್ದ.

ಊರೂರಿನ ಗೆಳೆಯರು ಸೇರಿ ಪುಕ್ಕಟೆಯಾಗಿ ಕಟ್ಟುತ್ತಿದ್ದ ಮುಕ್ತ ತಂತ್ರಾಂಶವೊಂದಕ್ಕೆ ಅವನೇ ಯಜಮಾನ. ಆ ದಿನ ತಂಡದವನೊಬ್ಬ ಫೋನ್ ಮಾಡಿದ.

"ಸರ್, ಯಾರಾದ್ರೂ ತಪ್ಪು ಕಮಾಂಡ್ ಟೈಪ್ ಮಾಡಿದ್ರೆ 'ತಪ್ಪು' ಅಂತಷ್ಟೇ ಬರೋ ಹಾಗೆ ಮಾಡಿದ್ದೆ. ಈ ವಾರ ಒಂದೂ ದೂರಿಲ್ಲ!"

"ಅಯ್ಯೋ ಮಾರಾಯ, ಅವರು ತಪ್ಪು ಮಾಡೋದನ್ನ ಬಿಟ್ಟಿಲ್ಲ, ನಮ್ಮ ತಂತ್ರಾಂಶಾನೇ ಬಿಟ್ಟಿದ್ದಾರೆ! ಏನು ಬೇಕಿತ್ತು ಅಂತ ಊಹಿಸಿ, ನಿಧಾನವಾಗಿ ಕೇಳಬೇಕು."

ಫೋನ್ ಇಡುವಾಗ ಹೆಂಡತಿ ನಗುತ್ತ ಬಾಗಿಲಿಗೆ ಬಂದಳು.

"ರೀ, ಮಾವ ಹುಷಾರಾದ ಹಾಗಿದೆ. ನಿನ್ನೆಯಿಂದ ಅವರ ಬಾಯಲ್ಲಿ ಒಂದೂ ತಪ್ಪು ಮಾತು ಬಂದಿಲ್ಲ."