ಗಾಜಿನ ಮೊನೆ

“ದೀಪ ಆರಿಸಮ್ಮ, ಕಣ್ಣಿಗೆ ಚುಚ್ಚುತ್ತೆ,” ಎಂದರು ಪ್ರಯೋಗಾಲಯಕ್ಕೆ ಗಾಜು ಊದಿಕೊಡುವ, ಅಲ್ಲಿಯವರೆಲ್ಲ ‘ಗಾಜಿನ ಮಾವ’ ಎಂದು ಕರೆಯುವ ಹಿರಿಯರು, ಸ್ಟೂಲು ಎಳೆದುಕೊಂಡು ಕೂರುತ್ತ. ಕಣ್ಣಿನ ಪೊರೆ ತೆಗೆಸಿಕೊಂಡು ಹತ್ತು ದಿನವಾಗಿತ್ತು. ಡಾಕ್ಟರು ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡರೆ ಕಂಪ್ಯೂಟರಿನ ಪರದೆ ಮಸುಕು, ತೆಗೆದರೆ ಟ್ಯೂಬ್‌ಲೈಟಿನ ಕಾಟ. ಇವತ್ತು ಮಾತ್ರ ಮಸುಕಾಗಿ ನೋಡುವ ಮನಸ್ಸು ಅವರಿಗಿರಲಿಲ್ಲ. ಪಕ್ಕದಲ್ಲೇ ಕೂತರೂ ಪೊರೆಗಣ್ಣಿಗೆ ಕಾಣದೆ ಎಂಟು ತಿಂಗಳಿಂದ ಬಾಯಿಮಾತಿನಲ್ಲಿ ಕೇಳುತ್ತಿದ್ದ ತಮ್ಮ ಗಾಜಿನ ಮೊನೆಯನ್ನು ಕಣ್ಣಾರೆ ನೋಡಲೆಂದೇ ರಜೆ ಮುಗಿಯುವ ಮೊದಲೇ ಬಂದಿದ್ದರು.

ಸಂಶೋಧನೆಯ ಹುಡುಗಿ ಎದ್ದು ಸ್ವಿಚ್ಚು ಒತ್ತಿದಳು. ಕಿಟಕಿಯಿಲ್ಲದ ಕೋಣೆ ಹಾಡಹಗಲೇ ಕತ್ತಲಾಯಿತು. ಮಾವ ಅವಳಿಗಿಟ್ಟ ಅಡ್ಡಹೆಸರು ‘ಇನ್ನೊಂದ್ಸಲ’. ಯಾವುದನ್ನೂ ಒಂದೇ ಸಲಕ್ಕೆ ನಂಬುವ ಜಾಯಮಾನ ಅವಳದಲ್ಲ. ಬೀಗ ಹಾಕಿ ಹತ್ತು ಹೆಜ್ಜೆ ಹೋದವಳು ವಾಪಸ್ಸು ಬಂದು ಎಳೆದು ನೋಡುತ್ತಿದ್ದಳು. ಹನ್ನೆರಡು ಗಂಟೆಗೆ ವಿಜ್ಞಾನ ಪತ್ರಿಕೆಗೆ ಲೇಖನ ಕಳಿಸಿಬಿಡು ಎಂದು ಅವಳ ಗುರುಗಳು ಹೇಳಿದ್ದರು. ಈಗ ಹತ್ತೂವರೆ. ಅಷ್ಟರೊಳಗೆ ಇನ್ನೊಂದ್ಸಲ.

ಹಸಿರು ಲೇಸರನ್ನು ಗಾಜಿನ ಚೂರಿಗೆ ಬಿಟ್ಟರೆ, ಒಳಗೆ ಪರಮಾಣುಗಳು ಹೇಗೆ ಕೂತಿವೆ ಎಂಬ ಗುಟ್ಟನ್ನು ಹೊತ್ತುಕೊಂಡು ಬೆಳಕು ವಾಪಸ್ಸು ಬರುತ್ತದೆ. ಯಂತ್ರ ಅದನ್ನು ಪರದೆಯ ಮೇಲೆ ಗೀಟಾಗಿ ಎಳೆಯುತ್ತದೆ. ಗಾಜೆಂದರೆ ಶಿಸ್ತಿಲ್ಲದ ಸಂಸಾರ, ಅದರ ಗೀಟು ಎಮ್ಮೆಯ ಬೆನ್ನಿನ ಹಾಗೆ ದಪ್ಪಗೆ ಏರಿ ಇಳಿಯುತ್ತದೆ. ಮಾವನ ಗಾಜಿನಲ್ಲಿ ಮಾತ್ರ ಆ ಬೆನ್ನಿನ ಇಳಿಜಾರಿನಲ್ಲಿ ಒಂದು ಚೂಪು ಮೊನೆ ಎದ್ದಿತ್ತು. ನಾಲ್ಕು ನಾಲ್ಕು ಪರಮಾಣುಗಳು ಕೈಕೈ ಹಿಡಿದು ಉಂಗುರ ಕಟ್ಟಿವೆ ಎಂದು ಹುಡುಗಿ ಅರ್ಥ ಹೇಳಿದ್ದಳು. ಬೇರೆ ಮೂರು ಕಡೆಯಿಂದ ತರಿಸಿದ ಗಾಜಿನಲ್ಲಿ ಹಾಗೆ ಕಂಡಿರಲಿಲ್ಲ. ಉರಿಯಿಂದ ತೆಗೆದ ಕಡ್ಡಿಯನ್ನು ನೀರಿಗೆ ಅದ್ದುವ ಮೊದಲು ಮಾವ ಗಾಳಿಯಲ್ಲಿ ಒಂದು ಸುತ್ತು ತಿರುಗಿಸುತ್ತಾರಲ್ಲ, ಆ ಕೈಚಳಕದ ಫಲವೇ ಇದು ಎಂದು ಲೇಖನ ಹೇಳುತ್ತಿತ್ತು. ಬರೆದವರ ಸಾಲಿನಲ್ಲಿ ಮಾವನ ಹೆಸರೂ ಇತ್ತು. ಮೂವತ್ತೆಂಟು ವರ್ಷ ಆ ಪ್ರಯೋಗಾಲಯಕ್ಕೆ ಗಾಜು ಊದಿಕೊಟ್ಟವರ ಹೆಸರು ಅಚ್ಚಾಗುವುದು ಇದೇ ಮೊದಲು, ಮುಂದಿನ ತಿಂಗಳು ನಿವೃತ್ತಿ ಬೇರೆ. ಹೆಂಡತಿಗೆ, ಕ್ಷೌರದವನಿಗೆ, ಕೊನೆಗೆ ಕಣ್ಣಾಸ್ಪತ್ರೆಯ ನರ್ಸಿಗೂ ಅವರು ಸುದ್ದಿ ಮುಟ್ಟಿಸಿಯಾಗಿತ್ತು.

ಐದು ನಿಮಿಷಕ್ಕೆ ಗೀಟು ಪೂರ್ತಿಯಾಯಿತು. ಮಾವ ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. ಎಮ್ಮೆಯ ಬೆನ್ನು ಇತ್ತು, ಮೊನೆ ಇರಲಿಲ್ಲ.

“ಬೇರೆಯವರ ಚೂರು ಇಟ್ಟುಬಿಟ್ಟಿದೀಯೇನೋ.”

“ಇಲ್ಲ ಮಾವ, ನಿಮ್ಮದೇ. ನೀವು ಹಾಕಿದ ಗುರುತಿದೆ.”

“ಹಾಗಾದ್ರೆ ಇನ್ನೊಂದ್ಸಲ,” ಎಂದರು ಮಾವನೇ.

ಎರಡನೆಯ ಸಲವೂ ಇಲ್ಲ. “ಎಲ್ಲ ಅವತ್ತಿನ ಹಾಗೇ ಮಾಡಿದೀನಿ, ಏನೂ ಬದಲಾಯಿಸಿಲ್ಲ,” ಎನ್ನುತ್ತಲೇ ಹುಡುಗಿ ತಟ್ಟನೆ ತಲೆಯೆತ್ತಿ ಸೂರು ನೋಡಿದಳು. ಎದ್ದು ಹೋಗಿ ಟ್ಯೂಬ್‌ಲೈಟು ಹಾಕಿ ಅಳೆದಳು. ಮೊನೆ ಎದ್ದು ನಿಂತಿತು. ಆರಿಸಿ ಅಳೆದಳು. ಮಾಯವಾಯಿತು.

“ಇದು ಟ್ಯೂಬಿನೊಳಗಿರೋ ಪಾದರಸದ ಬೆಳಕು, ಮಾವ,” ಎಂದಳು ಸಣ್ಣ ದನಿಯಲ್ಲಿ. “ಉಂಗುರದ ಮೊನೆ ಬರೋ ಜಾಗದ ಪಕ್ಕದಲ್ಲೇ ಬಂದು ಕೂತಿದೆ. ನಿಮ್ಮ ಗಾಜಿಂದಲ್ಲ.”

“ಬೇರೆಯವರ ಗಾಜಿನಲ್ಲಿ ಯಾಕೆ ಬರಲಿಲ್ಲ?”

“ಅದನ್ನೆಲ್ಲ ಕತ್ತಲಲ್ಲೇ ಅಳೆದೆ. ದೀಪ ಆರಿಸಬೇಕು ಅನ್ನೋದೇ ಇಲ್ಲಿ ಮೊದಲನೇ ನಿಯಮ.”

“ಮತ್ತೆ ನನ್ನದಕ್ಕೆ?”

“ನಿಮ್ಮ ಗಾಜು ಅಳೆಯೋವಾಗೆಲ್ಲ ನೀವು ಬಂದು ಕೂರ್ತಿದ್ರಲ್ಲ. ಮೊದಲನೇ ದಿನ ಕತ್ತಲಲ್ಲಿ ವೈರು ಎಡವಿ ಬಿದ್ರಿ. ಆಮೇಲೆ ನನಗೆ ಆರಿಸೋಕೆ ಮನಸ್ಸಾಗಲಿಲ್ಲ. ಯಂತ್ರಕ್ಕೆ ಕಪ್ಪು ಬಟ್ಟೆ ಹೊದಿಸಿದೀನಲ್ಲ, ಸಾಕು ಅಂದ್ಕೊಂಡೆ.”

ಮಾವನಿಗೆ ಸಂಕಟವಾಯಿತು. ಆ ನರ್ಸಿಗಾದರೂ ಹೇಳದೆ ಇದ್ದಿದ್ದರೆ ಎನಿಸಿತು. ಹುಡುಗಿ ಇಪ್ಪತ್ತು ಸಲ ಅಳೆದಿದ್ದಳು, ಇಪ್ಪತ್ತು ಸಲವೂ ಅವರು ಇದೇ ಸ್ಟೂಲಿನ ಮೇಲೆ ಕೂತಿದ್ದರು. ಗೋಡೆಯ ಗಡಿಯಾರದಲ್ಲಿ ಹನ್ನೊಂದೂಕಾಲು.

“ಕಳಿಸಿಬಿಟ್ರೆ ಯಾರಿಗಾದ್ರೂ ಗೊತ್ತಾಗುತ್ತಾ?” ಕೇಳಿದ ಮೇಲೆ ಅವರಿಗೇ ನಾಚಿಕೆಯಾಯಿತು.

ಹುಡುಗಿ ಪರದೆಯ ಮೇಲೆ ಎರಡೂ ಗೀಟುಗಳನ್ನು ಪಕ್ಕಪಕ್ಕ ಇಟ್ಟಳು. “ಇನ್ನೊಬ್ಬರು ಅಳೆದು ನೋಡೋವರೆಗೂ ಗೊತ್ತಾಗಲ್ಲ.”

“ಅಳೆದು ನೋಡ್ತಾರಾ?”

“ನನ್ನಂಥೋರು ಎಲ್ಲಾದ್ರೂ ಒಬ್ರು ಇದ್ದೇ ಇರ್ತಾರೆ, ಮಾವ.”

ಮಾವನಿಗೆ ನಗು ಬಂತು. “ಹಾಗಾದ್ರೆ ಕಳಿಸಬೇಡ. ನಿನ್ನ ಗುರುಗಳಿಗೆ ಈಗಲೇ ಹೇಳಿಬಿಡು, ನಾನೂ ಜೊತೆಗೆ ಬರ್ತೀನಿ.”

ಹುಡುಗಿ ಕಣ್ಣೊರೆಸಿಕೊಂಡು ದೀಪ ಹಾಕಿದಳು. ಮಾವ ಕಪ್ಪು ಕನ್ನಡಕ ಏರಿಸಿಕೊಂಡರು. ಮೊನೆ ಮೊದಲ ಸಲ ಕಂಡ ದಿನ ಅಚ್ಚುಹಾಕಿದ ಹಾಳೆ ಮೇಜಿನ ಮೇಲಿನ ಗೋಡೆಗೆ ಅಂಟಿಕೊಂಡಿತ್ತು. ಅವಳು ಅದನ್ನು ಕಿತ್ತು ಹರಿಯಲು ಹೋದಳು.

“ಹರೀಬೇಡ, ಇಲ್ಲಿ ಕೊಡು.”

“ಇದು ಸುಳ್ಳು ಮೊನೆ, ಮಾವ. ಯಾತಕ್ಕೂ ಬರಲ್ಲ.”

“ಗಾಜಿನ ಮಟ್ಟಿಗೆ ಸುಳ್ಳು,” ಎಂದ ಮಾವ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಳಿಸಿದರು. “ಎಂಟು ತಿಂಗಳು ನನಗೋಸ್ಕರ ಒಬ್ಬಳು ದೀಪ ಆರಿಸದೆ ಬಿಟ್ಟಿದ್ದಳು ಅಂತ ಯಂತ್ರವೇ ಬರೆದುಕೊಟ್ಟಿದೆಯಲ್ಲ.”