ಕೈವಾರದ ಮೊನೆ

ಸೀರೊಸ್ ದ್ವೀಪದಿಂದ ಮಾಲ್ಟಾಕ್ಕೆ ಐದು ದಿನದ ಹಾಯಿದಾರಿ ಅಳೆಯುತ್ತಿದ್ದ ಸ್ತ್ರಾತಿಸ್‌ನ ಕೈವಾರ ನಕ್ಷೆಯ ಮೇಲೆ ಟಕಟಕ ಬಡಿಯಿತು. ಮೂರನೇ ಸಲವೂ ಮೊನೆ ಮಾಲ್ಟಾದ ಮೇಲೆ ನಿಲ್ಲದೆ ನಕ್ಷೆಯ ನೀರಿಗೆ ಜಾರಿತು.

"ದಡದಲ್ಲೇ ಅಲೆ ಶುರುವಾಯ್ತಾ?" ಎಂದಳು ಹೆಂಡತಿ ಮರಿಗೋ.

"ಕಾಫಿ ಜಾಸ್ತಿಯಾಯ್ತು ಕಣೆ."

"ಎಷ್ಟು ತಿಂಗಳಿಂದ?"

ಅವನು ಕೈವಾರ ಮಡಿಸಿ ಪಕ್ಕಕ್ಕಿಟ್ಟ. ಸಂತ ದಿಮಿತ್ರಿಯ ಹಬ್ಬ ಕಳೆದರೆ ಚಳಿಗಾಲದ ಬಿರುಗಾಳಿಗೆ ಹೆದರಿ ಅವರಲ್ಲಿ ಯಾರೂ ಹಾಯಿ ಬಿಚ್ಚುವುದಿಲ್ಲ. ಅದಕ್ಕೆ ಉಳಿದದ್ದು ಒಂಬತ್ತೇ ದಿನ. ಮುಂದಿನ ವರ್ಷಕ್ಕೆ ಆ ಕೈ ಹಗ್ಗವನ್ನೂ ಹಿಡಿಯಲಾರದೆಂದು ಮರಿಗೋಗೆ ಗೊತ್ತಿತ್ತು.

ಬಂದರು ಕಚೇರಿಗೆ ಕೊಡಬೇಕಾದ ಹಡಗಿನ ಸಿಬ್ಬಂದಿ ಪಟ್ಟಿಯನ್ನು ಎಳೆದುಕೊಂಡಳು. ನಲವತ್ತು ವರ್ಷ ಅವನಿಗೆ ಸಮಸಮವಾಗಿ ಚುಕ್ಕಾಣಿ ಹಿಡಿದೂ ಅಡುಗೆಯವಳೆಂದೇ ಬರೆಸಿಕೊಂಡವಳು, ಕ್ಯಾಪ್ಟನ್ ಎಂಬಲ್ಲಿ ಅವನ ಹೆಸರು ಹೊಡೆದುಹಾಕಿ ತನ್ನದು ಬರೆದಳು. ಅವನು ಪಟ್ಟಿ ಕಿತ್ತುಕೊಂಡ. ಹರಿದೇಬಿಡುತ್ತಾನೆಂದು ಅವಳು ಉಸಿರು ಬಿಗಿಹಿಡಿದಳು.

ಸ್ತ್ರಾತಿಸ್ ಕೆಳಗಿನ ಸಾಲಿಗಿಳಿದು, ಅಡುಗೆಯವರು ಎಂಬಲ್ಲಿ, ನಡುಗುವ ಅಕ್ಷರಗಳಲ್ಲಿ ತನ್ನ ಹೆಸರು ಗೀಚಿದ.