ಸೊಂಟದ ಕೆಪಾಸಿಟರ್

ಎಲ್ಲರ ಮೈಯೂ ಮನೆಯ ಕರೆಂಟಿನಿಂದಲೇ ಓಡುವ ಆ ಊರಿನಲ್ಲಿ, ಹೆಣ್ಣು ನೋಡಲು ಬಂದವರು ಮೊದಲು ಕೇಳುವುದು ಪವರ್ ಫ್ಯಾಕ್ಟರ್. ಅದು ಕಡಿಮೆಯಿದ್ದವರು ಎಳೆಯುವುದು ಜಾಸ್ತಿ, ದುಡಿಯುವುದು ಕಡಿಮೆ. ತಂತಿ ಬಿಸಿಯಾಗಿ ಮನೆಯ ದೀಪವೇ ಮಂಕಾಗುತ್ತದೆ.

ಹುಡುಗ ಗೋಡೆಯ ತಂತಿ ಹಚ್ಚಿಕೊಂಡು ಕೂತಿದ್ದ. ಅವನ ತಾಯಿ ನೀಲಗಂಗವ್ವ ಉಪ್ಪಿಟ್ಟಿನ ತಟ್ಟೆ ಸರಿಸಿ, ಹುಡುಗಿ ಶಾಂಭವಿಯ ಬೆರಳಿಗೆ ಮೀಟರಿನ ಕ್ಲಿಪ್ ಸಿಕ್ಕಿಸಿದಳು. ಮುಳ್ಳು ಪೂರ್ಣ ಅಂಕವಾದ ಒಂದರ ಹತ್ತಿರ ನಿಂತಿತು.

"ಇಷ್ಟ್ ಛಲೋ ಯಾರದೂ ಇರಂಗಿಲ್ಲ. ಸೊಂಟಕ್ಕ ಕೆಪಾಸಿಟರ್ ಕಟ್ಟಿ ಏರಿಸೀಯೇನ? ತಗಿ ಅದನ್ನ!"

ಶಾಂಭವಿ ಸೆರಗಿನಡಿಯಿಂದ ಕೆಪಾಸಿಟರ್ ಡಬ್ಬಿ ಬಿಚ್ಚಿಟ್ಟಳು. ಮುಳ್ಳು ಅಲ್ಲಾಡಲಿಲ್ಲ. ಬಲ್ಬು ಮಾತ್ರ ಕೆಂಪಗಾಯಿತು, ಫ್ಯಾನು ತೆವಳತೊಡಗಿತು.

"ನಿಮ್ಮ ಮಗ ನಮ್ಮನಿ ತಂತಿ ಹಚ್ಕೊಂಡ ಕೂಡ್ಲೇ ದೀಪ ಹಿಂಗ ಮಂಕಾಗಿತ್ರಿ. ಬಂದೋರಿಗೆ ಕತ್ತಲದಾಗ ಉಪ್ಪಿಟ್ಟು ಕೊಡಬಾರದಂತ, ಅವರ ಕೊರತಿ ತುಂಬಾಕ ಇದನ್ನ ಕಟ್ಕೊಂಡಿದ್ದೆ."

ಅವಳು ಕ್ಲಿಪ್ ಬಿಚ್ಚಿ ಹುಡುಗನ ಕಡೆ ಚಾಚಿದಳು. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ.